ಎಡಕ್ಕೇ ಹೋಗುವ ದೋಣಿ: ಶರಾವತಿ ಹಿನ್ನೀರಿನಲ್ಲಿ ಮೂರು ದಿನ

ಶುಕ್ರವಾರ

ತಂಗಿಯ ಮಗ ಬೆಂಗಳೂರಿನಿಂದ ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಬಂದು ಬೆಳಿಗ್ಗೆ ಆರಕ್ಕೆ ನಮ್ಮ ಮನೆ ಮುಂದೆ ಹಾರ್ನ್ ಹೊಡೆದ. ಕಾರಿನ ತಲೆ ಮೇಲೆ ಕಿತ್ತಳೆ ಬಣ್ಣದ ದೊಡ್ಡ ಪ್ಲಾಸ್ಟಿಕ್ ತೊಟ್ಟಿಯಂಥದ್ದೊಂದು ಮಗುಚಿ ಮಲಗಿತ್ತು. ಎದುರು ಮನೆಯವರು ಹಲ್ಲುಜ್ಜುತ್ತಲೇ ಬಂದು, "ನೀರಿನ ಟ್ಯಾಂಕಾ?" ಎಂದು ಕೇಳಿ ಹೋದರು.

ಅದು ಪೆಡಲ್ ಕಯಾಕ್. 12 ಅಡಿ ಉದ್ದ, ನಲವತ್ತು ಕಿಲೊ ಚಿಲ್ಲರೆ ತೂಕ, ಒಬ್ಬರು ಕೂರುವಂಥದ್ದು. ನಡುವೆ ಒಂದು ತೂತಿದೆ. ಅದರೊಳಗೆ ಪೆಡಲ್ ಸೆಟ್ಟನ್ನು ಇಳಿಸಿ ಕೂರಿಸಿದರೆ ಕೆಳಗೆ ನೀರಿನಲ್ಲಿ ಪುಟ್ಟ ಪ್ರೊಪೆಲ್ಲರ್, ಮೇಲೆ ಕಾಲಿಗೆ ಎರಡು ಪೆಡಲ್. ತುಳಿದರೆ ಮುಂದಕ್ಕೆ, ಹಿಂದಕ್ಕೆ ತುಳಿದರೆ ಹಿಂದಕ್ಕೆ. ಹುಟ್ಟು ಹಾಕುವ ಕೆಲಸವಿಲ್ಲ, ಕೈ ಖಾಲಿ. ದಿಕ್ಕು ತಿರುಗಿಸಲು ಎಡಗೈ ಪಕ್ಕದಲ್ಲಿ ಒಂದು ಹಿಡಿ, ಹಿಂದೆ ಬಾಲದಲ್ಲಿ ಚುಕ್ಕಾಣಿ. ಅಳಿಯ ಇದಕ್ಕೆ ಕೊಟ್ಟ ದುಡ್ಡು ಕೇಳಿ ನನ್ನ ಹೆಂಡತಿ, "ಇಷ್ಟಕ್ಕೆ ಎರಡು ಹಸು ಬರ್ತಿತ್ತಲ್ಲೋ" ಅಂದಳು. ಅವನು ಎರಡು ತಿಂಗಳಿಂದ ನನ್ನ ತಲೆ ತಿಂದಿದ್ದ. "ಮಾವ, ನೀವು ಜೊತೆಗಿದ್ರೆ ಧೈರ್ಯ. ರಿಪೇರಿ ಬಂದ್ರೆ ನೀವಿರ್ತೀರಲ್ಲ." ನಾನು ಶಿವಮೊಗ್ಗದಲ್ಲಿ ಸೈಕಲ್ ಅಂಗಡಿ ಇಟ್ಟವನು. ಪೆಡಲ್ ಇರುವ ಯಾವುದನ್ನಾದರೂ ರಿಪೇರಿ ಮಾಡುತ್ತೇನೆಂಬ ನಂಬಿಕೆ ಅವನದು. ಸುಳ್ಳೇಕೆ, ನನ್ನದೂ ಅದೇ.

ಹೊರಟಿದ್ದು ತುಮರಿ ಕಡೆಗೆ, ಅಕ್ಕನ ಮನೆಗೆ. ಆನಂದಪುರ ದಾಟಿ ಸಾಗರಕ್ಕೆ 70 ಕಿಲೊಮೀಟರ್ ಮೇಲೆ ಸ್ವಲ್ಪ. ಅಲ್ಲಿ ತಿಂಡಿ ತಿಂದು ಅಂಬಾರಗೋಡ್ಲಿನ ಹಾದಿ ಹಿಡಿದೆವು. ಮೊದಲಾದರೆ ಇಲ್ಲಿ ಲಾಂಚಿಗೆ ಕಾಯಬೇಕಿತ್ತು. ಸಿಗಂದೂರಿನ ಭಕ್ತರ ಕಾರು, ಬಸ್ಸು, ಹಾಲಿನ ಕ್ಯಾನು, ಬಾಣಂತಿ, ಮದುವೆ ದಿಬ್ಬಣ ಎಲ್ಲ ಒಂದೇ ಸಾಲಿನಲ್ಲಿ. 2025ರ ಜುಲೈನಲ್ಲಿ ಸೇತುವೆ ಬಿಟ್ಟರು. 2.44 ಕಿಲೊಮೀಟರ್ ಉದ್ದದ ಅದರ ಮೇಲೆ ಆಚೆ ದಡದ ಕಳಸವಳ್ಳಿಗೆ ನಾಲ್ಕೈದು ನಿಮಿಷದಲ್ಲಿ ಹೋಗಿಬಿಟ್ಟೆವು. ಕಾದೂ ಕಾದೂ ಅಭ್ಯಾಸವಾದ ನನಗೆ ಏನೋ ಮರೆತು ಬಂದ ಹಾಗಾಯಿತು.

ಅಕ್ಕನ ಮನೆಯಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ. ಅಂಗಳದ ತುಂಬ ಗೊನೆ. ಭಾವ ನಮ್ಮ ಕಾರಿನ ತಲೆ ನೋಡಿ, "ಇದರಲ್ಲಿ ಅಡಿಕೆ ಬೇಯಿಸಬಹುದು" ಅಂದರು. ಅವರಿಗೆ ಎಪ್ಪತ್ತಾಯಿತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರು ಏರಿದಾಗ ಮನೆ, ಗದ್ದೆ, ದೇವರ ಬನ ಬಿಟ್ಟು ಮೇಲಕ್ಕೆ ಬಂದ ಮುಳುಗಡೆ ಸಂಸಾರ. ಬಿಟ್ಟು ಬಂದ ನೀರಿನ ಮೇಲೇ ನಲವತ್ತು ವರ್ಷ ದೋಣಿ ನಡೆಸಿದ್ದಾರೆ. ಹುಲ್ಲು, ಗೊಬ್ಬರ, ನೆಂಟರು, ಏನೆಂದರೆ ಅದು.

ಮೂರೂವರೆಗೆ ತೋಟದ ಕೆಳಗಿನ ದಡದಲ್ಲಿ ಕಯಾಕ್ ನೀರಿಗೆ ಬಿಟ್ಟೆವು. ಅಳಿಯ ಲೈಫ್ ಜಾಕೆಟ್ ಬಿಗಿದುಕೊಂಡು ಕೂತ. ಕರಾರು ಮೊದಲೇ ಆಗಿತ್ತು: ಮನೆ ಮುಂದಿನ ಕೊಲ್ಲಿ ಬಿಟ್ಟು ಆಚೆ ಹೋಗುವಂತಿಲ್ಲ, ಕಾಡಿನ ದಡಕ್ಕೆ ಹತ್ತುವಂತಿಲ್ಲ, ಸಂಜೆ ಐದೂವರೆಯ ಮೇಲೆ ನೀರಿನಲ್ಲಿರುವಂತಿಲ್ಲ. ಹತ್ತು ಪೆಡಲ್ ತುಳಿದ, ದೋಣಿ ಚೆಂದವಾಗಿ ಹೊರಟಿತು. ಇಪ್ಪತ್ತಾಗುವಷ್ಟರಲ್ಲಿ ಎಡಕ್ಕೆ ಬಾಗಿತು. ಮೂವತ್ತಕ್ಕೆ ದಡದ ಹುಲ್ಲಿಗೆ ಮೂತಿ ಇಟ್ಟಿತು.

"ಹಿಡಿ ಬಲಕ್ಕೆ ತಿರುಗಿಸೋ!"

"ತಿರುಗಿಸೇ ಇದೀನಿ ಮಾವ! ಪೂರ್ತಿ ತಿರುಗಿಸಿದೀನಿ!"

ನಾನು ಕೂತು ನೋಡಿದೆ. ಹುಡುಗ ಹೇಳಿದ್ದು ನಿಜ. ಹಿಡಿಯನ್ನು ಬಲಕ್ಕೆ ತಿರುಗಿಸಿದರೆ ಅರ್ಧ ದಾರಿ ಸುಮ್ಮನೆ ಬರುತ್ತದೆ, ಏನೂ ಆಗುವುದಿಲ್ಲ. ಆಮೇಲೆ ಒಂಚೂರು ತಿರುಗುತ್ತದೆ. ಎಡಕ್ಕಾದರೆ ಮುಟ್ಟಿದರೆ ಸಾಕು. ಇನ್ನೊಂದು ವಿಚಿತ್ರ: ಮೆಲ್ಲಗೆ ತುಳಿದಾಗ ಹಿಡಿ ಹಗುರ, ಜೋರಾಗಿ ತುಳಿದರೆ ಕೈಗೆ ಭಾರ, ಆದರೂ ದೋಣಿ ಮಾತ್ರ ತಿರುಗದು. ಹುಟ್ಟು ಹಾಕುವ ದೋಣಿಯಾದರೆ ಚುಕ್ಕಾಣಿ ಕೆಟ್ಟರೂ ಒಂದು ಕಡೆ ಹೆಚ್ಚು ಹುಟ್ಟು ಹಾಕಿ ತಿರುಗಿಸಬಹುದು. ಇದರಲ್ಲಿ ಚುಕ್ಕಾಣಿ ಹೋಯಿತೆಂದರೆ ಕಾಲು ಎಷ್ಟು ಗಟ್ಟಿಯಿದ್ದರೂ ಅಷ್ಟೇ, ದೋಣಿಗೆ ಇಷ್ಟ ಬಂದ ಕಡೆಗೆ ಪ್ರಯಾಣ.

ಅಳಿಯ ಮಾರಿದವರಿಗೆ ಫೋನ್ ಮಾಡಲು ಹೊರಟ. ಅಕ್ಕನ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲಿನ ಹಲಸಿನ ಮರದ ಬುಡದಲ್ಲಿ ಮಾತ್ರ, ಅದೂ ಮರದ ಬಡಗು ಬದಿಗೆ ಒರಗಿ ನಿಂತರೆ. ಅರ್ಧ ಗಂಟೆ ಕಳೆದು ಜಿಗಣೆ ಕಿತ್ತುಕೊಳ್ಳುತ್ತ ಇಳಿದು ಬಂದ. "ವಿಡಿಯೊ ಕಳಿಸಿ ಅಂತಾರೆ ಮಾವ." ಆ ನೆಟ್‌ವರ್ಕಿನಲ್ಲಿ ವಿಡಿಯೊ ಕಳಿಸುವುದಕ್ಕಿಂತ ದೋಣಿಯನ್ನೇ ಪಾರ್ಸೆಲ್ ಮಾಡುವುದು ಸಲೀಸು.

"ಬಿಡು, ಇದು ಬ್ರೇಕ್ ಕೇಬಲ್ ಕೆಲಸ. ರಾತ್ರಿ ಸರಿ ಮಾಡ್ತೀನಿ" ಅಂದೆ. ಇಡೀ ಪ್ರವಾಸದಲ್ಲಿ ನಾನಾಡಿದ ಅತಿ ದಡ್ಡ ಮಾತು ಅದು.

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಿಡಿಯ ಕೆಳಗೊಂದು ಸಣ್ಣ ರಾಟೆ. ಅದರಿಂದ ಎರಡು ನುಣುಪಾದ ದಾರ ಹೊರಟು, ದೋಣಿಯ ಹೊಟ್ಟೆಯೊಳಗೆ ಎರಡು ಪ್ಲಾಸ್ಟಿಕ್ ನಳಿಗೆಯಲ್ಲಿ ಹಾಯ್ದು ಬಾಲಕ್ಕೆ ಬರುತ್ತವೆ. ಒಂದು ಚುಕ್ಕಾಣಿ ತಲೆಯ ಎಡಗಿವಿಗೆ, ಇನ್ನೊಂದು ಬಲಗಿವಿಗೆ. ನಮ್ಮ ಸೈಕಲ್ ಭಾಷೆಯಲ್ಲಿ ನಳಿಗೆ ಔಟರ್, ದಾರ ಇನ್ನರ್. ಬಲಗಡೆ ದಾರದ ಗಂಟು ಜಾರಿ ಸಡಿಲವಾಗಿತ್ತು. ಈ ಜಾತಿಯ ದಾರಕ್ಕೆ ಗಟ್ಟಿ ಬಹಳ, ಆದರೆ ಮೈಯೆಲ್ಲ ಎಣ್ಣೆ ಸವರಿದ ಹಾಗಿರುತ್ತದೆ. ಮಾಮೂಲಿ ಗಂಟು ಅದರ ಮೇಲೆ ನಿಲ್ಲುವುದಿಲ್ಲ.

ಅಂಗಳದಲ್ಲಿ ಒಂದೇ ದೊಡ್ಡ ಬಲ್ಬು. ಅದರಡಿ ಎಂಟು ಜನ ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು. ಅವರ ಪಕ್ಕದಲ್ಲೇ ಎರಡು ದಿಮ್ಮಿ ಮೇಲೆ ಕಯಾಕ್ ಮಗುಚಿಟ್ಟು ನಾನು ಕೂತೆ. ಚುಕ್ಕಾಣಿ ಹಲಗೆಯನ್ನು ನೆಟ್ಟಗೆ ಹಿಡಿದು, ದಾರ ಎರಡನ್ನೂ ಬಿಚ್ಚಿ, ಎಳೆದು ಬಿಗಿ ಮಾಡಿ, ಹೊಸ ಗಂಟು ಹಾಕಿದೆ. "ಅಣ್ಣ, ನಾಳೆ ಇದು ಹಾರ್ತದಾ?" ಎಂದು ಒಬ್ಬಾಕೆ ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಶನಿವಾರ

ಹಾರಲಿಲ್ಲ. ಗಿರಗಿಟ್ಲೆಯಾಯಿತು.

ಬೆಳಗಿನ ಮಂಜು ಏಳುವ ಹೊತ್ತಿಗೆ ಬಿಸಿ ಕಡುಬು ತಿಂದು, ಅಪ್ಪೆಮಿಡಿ ರಸ ನೆಕ್ಕಿಕೊಂಡು ನೀರಿಗಿಳಿದೆವು. ಅಳಿಯ ತುಳಿದ. ದೋಣಿ ನಿಂತಲ್ಲೇ ಎಡಕ್ಕೆ ಒಂದು ಪ್ರದಕ್ಷಿಣೆ ಹಾಕಿತು. ಇನ್ನೊಂದು ಹಾಕಿತು. ಮೂರನೆಯದಕ್ಕೆ ಅವನು ಪೆಡಲ್ ಬಿಟ್ಟು ಎರಡೂ ಕೈ ಮೇಲೆತ್ತಿ ನಮಸ್ಕಾರ ಮಾಡಿದ. "ಸಿಗಂದೂರು ಅಮ್ಮನಿಗೆ ಮೂರು ಸುತ್ತು ಆಯ್ತು ಮಾವ, ಇನ್ನು ಸಾಕಾ?"

ಎಳೆದು ದಡಕ್ಕೆ ಹಾಕಿ ನೋಡಿದೆ. ಹಿಡಿ ನಡುವಿನಲ್ಲಿ ಇಟ್ಟರೆ ಚುಕ್ಕಾಣಿ ಎಡಕ್ಕೆ ಓರೆಯಾಗಿ ನಿಲ್ಲುತ್ತಿತ್ತು. ಹಿಂದಿನ ರಾತ್ರಿ ನಾನು ಚುಕ್ಕಾಣಿಯನ್ನು ನೆಟ್ಟಗೆ ನಿಲ್ಲಿಸಿದ್ದು ನಿಜ. ಆದರೆ ದೋಣಿ ಮಗುಚಿ ಬಿದ್ದಿತ್ತು, ಹಿಡಿ ನೆಲದ ಕಡೆಗಿತ್ತು, ಅದು ಯಾವ ಕಡೆ ವಾಲಿತ್ತೋ ಯಾರು ನೋಡಿದ್ದರು? ವಾಲಿದ ಹಿಡಿಗೆ ನೆಟ್ಟಗಿನ ಚುಕ್ಕಾಣಿಯನ್ನು ಬಿಗಿದು ಕಟ್ಟಿದ್ದೆ.

ಇದನ್ನು ಬರೆಯಲು ನಾಚಿಕೆ. ಅಂಗಡಿಗೆ ಹೊಸ ಹುಡುಗ ಕೆಲಸಕ್ಕೆ ಸೇರಿದರೆ ನಾನು ಕಲಿಸುವ ಮೊದಲ ಪಾಠವೇ ಹ್ಯಾಂಡಲ್ ನೇರ ಮಾಡುವುದು. ಮುಂದಿನ ಚಕ್ರವನ್ನು ಎರಡು ಮೊಣಕಾಲ ನಡುವೆ ಅಮುಕಿ ಹಿಡಿ, ಆಮೇಲೆ ಹ್ಯಾಂಡಲ್ ತಿರುಗಿಸು. ಚಕ್ರ ಹಿಡಿಯದೆ ಬರೀ ಹ್ಯಾಂಡಲ್ ನೋಡಿದರೆ ಪ್ರಯೋಜನವಿಲ್ಲ, ಹ್ಯಾಂಡಲ್ ನೋಡದೆ ಬರೀ ಚಕ್ರ ಹಿಡಿದರೂ ಇಲ್ಲ. ಮೂವತ್ತು ವರ್ಷದಲ್ಲಿ ಸಾವಿರ ಸಲ ಹೇಳಿದ್ದೇನೆ.

ಎರಡನೇ ಸಲ ದೋಣಿಯನ್ನು ಮಗುಚಲಿಲ್ಲ. ನೆಟ್ಟಗಿಟ್ಟು, ಹಿಡಿಯನ್ನು ಸರಿ ನಡುವಿಗೆ ತಂದು ಬಾಳೆಪಟ್ಟೆಯಿಂದ ಕಟ್ಟಿ ಹಾಕಿದೆ. ಚುಕ್ಕಾಣಿಯ ಎರಡೂ ಪಕ್ಕಕ್ಕೆ ಅಡಿಕೆ ದಬ್ಬೆಯ ಎರಡು ಸೀಳು ಇಟ್ಟು ಅದೂ ಅಲುಗದಂತೆ ಮಾಡಿದೆ. ಈಗ ದಾರ. ಎರಡನ್ನೂ ಒಟ್ಟಿಗೆ ಬಿಚ್ಚಲಿಲ್ಲ. ಎಡದ್ದನ್ನು ಬಿಚ್ಚಿ, ಬಿಗಿ ನೋಡಿ, ಕಟ್ಟಿ, ಆಮೇಲೆ ಬಲದ್ದು. ಎಂಟರ ಆಕಾರದ ಗಂಟು, ಅದರ ಹಿಂದೆ ಜಾರದಂತೆ ಇನ್ನೊಂದು ತಡೆಗಂಟು, ಕೊಸರಿಗೆ ಒಂದು ಬೆರಳುದ್ದ ದಾರ. ದಾರವನ್ನು ತೀರಾ ವೀಣೆಯ ತಂತಿಯ ಹಾಗೆ ಎಳೆಯಬಾರದು. ನಳಿಗೆಯೊಳಗೆ ಉಜ್ಜಿ ಹಿಡಿ ಗಡುಸಾಗುತ್ತದೆ. ಬೆರಳಲ್ಲಿ ಒತ್ತಿದರೆ ಕೂದಲೆಳೆಯಷ್ಟು ತಗ್ಗಬೇಕು. ಬ್ರೇಕ್ ಕೇಬಲ್ಲಿಗೂ ಅದೇ ಅಳತೆ. ಭಾವ ಕವಳ ಜಗಿಯುತ್ತ ಎಲ್ಲ ನೋಡಿದರು, ಏನೂ ಹೇಳಲಿಲ್ಲ.

ಹನ್ನೊಂದಕ್ಕೆ ಮತ್ತೆ ನೀರಿಗೆ. ಈಗ ಬಲಕ್ಕೂ ಎಡಕ್ಕೂ ಹಿಡಿ ಒಂದೇ ಸಮ. ಮೆಲ್ಲಗೆ ಹೋದರೆ ಹೇಳಿದಂತೆ ಕೇಳುತ್ತದೆ. ಅಳಿಯನಿಗೆ ಖುಷಿ, ಜೋರಾಗಿ ತುಳಿದ. ಮತ್ತೆ ಅದೇ ರಾಗ: ಹಿಡಿ ಭಾರ, ದೋಣಿ ಮೊಂಡು. ಅಂದರೆ ಗಂಟು ಜಾರಿದ್ದು ಒಂದು ತೊಂದರೆ, ಇದು ಬೇರೆಯೇ.

ನಾವಿಬ್ಬರೂ ದಡದಲ್ಲಿ ಕೂತು ಪ್ಲಾಸ್ಟಿಕ್ ನಳಿಗೆಯನ್ನು, ರಾಟೆಯನ್ನು, ಕಂಪನಿಯನ್ನು, ಕಂಪನಿಯವರ ವಂಶವನ್ನು ಬೈದೆವು. ಭಾವ ಎದ್ದು ತಮ್ಮ ಹಳೆ ಫೈಬರ್ ದೋಣಿಯ ನೀರು ತೋಕಿದರು. "ಮುಂದೆ ಹೋಗ್ರಿ. ನಾನು ಹಿಂದಿಂದ ನೋಡ್ತೀನಿ."

ಇದು ನಮಗೆ ಹೊಳೆದೇ ಇರಲಿಲ್ಲ. ತುಳಿಯುವವನು ಕೂರುವುದು ಮುಂದೆ ಮುಖ ಮಾಡಿ. ಚುಕ್ಕಾಣಿ ಅವನ ಬೆನ್ನ ಹಿಂದೆ ಆರಡಿ ದೂರದಲ್ಲಿ ನೀರಿನೊಳಗೆ. ದಡದಲ್ಲಿ ನಿಂತವನಿಗೂ ಕಾಣದು. ಅದು ಏನು ಮಾಡುತ್ತಿದೆಯೆಂದು ನೋಡಬೇಕಾದರೆ ಹಿಂದೊಂದು ದೋಣಿ ಬೇಕು.

ಅಳಿಯ ಮುಂದೆ ತುಳಿದ. ನಾನು ಭಾವನ ದೋಣಿಯಲ್ಲಿ. ಭಾವ ಹುಟ್ಟನ್ನೇ ಹಿಂದೆ ಚುಕ್ಕಾಣಿಯ ಹಾಗೆ ಹಿಡಿದು ಅವನ ಬಾಲಕ್ಕೆ ಹತ್ತಿದರು. ನೀರು ತಿಳಿಯಾಗಿತ್ತು. ಮೊದಲು ಹಲಗೆ ನೆಟ್ಟಗೆ ಕೆಳಗಿತ್ತು. ಅವನು ಜೋರು ಮಾಡಿದ ಹಾಗೆ ಅದು ಹಿಂದಕ್ಕೆ ಮೇಲಕ್ಕೆ ಏಳತೊಡಗಿತು, ಮುಸರೆಗೆ ಮೂತಿ ಹಾಕಿದ ಎಮ್ಮೆ ಬಾಲ ಎತ್ತಿದ ಹಾಗೆ. ಕೊನೆಗೆ ಅರ್ಧ ಹಲಗೆ ನೀರಿನ ಮೇಲೇ ತೇಲುತ್ತಿತ್ತು.

"ಏ ಮಾರಾಯ, ಅದರ ಬಾಲ ಎದ್ದಿದೆ ನೋಡು" ಎಂದರು ಭಾವ. ಆಮೇಲೆ ಅಂಗಳದಲ್ಲಿ ದೋಟಿ ತೋರಿಸಿ ವಿವರಿಸಿದರು. ಅಡಿಕೆ ಕೊಯ್ಯುವ ಉದ್ದನೆಯ ದೋಟಿಯನ್ನು ನೆಟ್ಟಗೆ ಹಿಡಿದರೆ ಮಗುವೂ ಹಿಡಿಯಬಹುದು. ಅದೇ ದೋಟಿ ಓರೆಯಾಯಿತೋ, ಮಣಿಕಟ್ಟು ಬಿದ್ದು ಹೋಗುತ್ತದೆ. ಚುಕ್ಕಾಣಿಯೂ ಹಾಗೇ. ನೆಟ್ಟಗಿದ್ದರೆ ನೀರಿನ ಒತ್ತಡ ಅದು ತಿರುಗುವ ಕೀಲಿನ ಹತ್ತಿರವೇ ಬೀಳುತ್ತದೆ, ಕೈಗೆ ಹಗುರ. ಹಿಂದಕ್ಕೆ ಚಾಚಿಕೊಂಡರೆ ಅದೇ ಒತ್ತಡ ಕೀಲಿನಿಂದ ದೂರ ಬಿದ್ದು ಕೈಗೆ ಭಾರ. ಹಲಗೆಯ ಹೆಚ್ಚು ಪಾಲು ನೀರಿನಿಂದ ಹೊರಗಿರುವುದರಿಂದ ದೋಣಿಗೆ ಮಾತ್ರ ಅದರ ಗುಣ ತಟ್ಟದು. ನಾವು ಹಿಡಿ ಗಡುಸೆಂದು ದಾರವನ್ನು ಬೈಯುತ್ತಿದ್ದೆವು.

ಹಲಗೆಯನ್ನು ಇಳಿಸಲು ಮತ್ತು ಎತ್ತಲು ಬೇರೆಯೇ ಒಂದು ಹಗ್ಗವಿದೆ, ಸೀಟಿನ ಪಕ್ಕ. ಎಳೆದರೆ ಹಲಗೆ ಇಳಿಯುತ್ತದೆ, ಎಳೆದ ಹಗ್ಗವನ್ನು ಹಲ್ಲಿರುವ ಒಂದು ಕಚ್ಚಿಗೆ ಅಮುಕಿ ಸಿಕ್ಕಿಸಬೇಕು. ಅಳಿಯ ಎಳೆದು ಬಿಟ್ಟಿದ್ದ, ಸಿಕ್ಕಿಸಿರಲಿಲ್ಲ. ಹಲಗೆ ತನ್ನ ಭಾರಕ್ಕೆ ಕೆಳಗಿತ್ತೇ ಹೊರತು ಅದನ್ನು ಹಿಡಿದಿಟ್ಟವರು ಯಾರೂ ಇರಲಿಲ್ಲ.

"ಸಿಕ್ಕಿಸಿಬಿಟ್ರೆ ಆಯ್ತಲ್ಲ ದೊಡ್ಡಪ್ಪ?"

"ಸಿಕ್ಕಿಸು. ಆಮೇಲೆ ಬೊಡ್ಡೆಗೆ ಹೊಡೆದಾಗ ಚುಕ್ಕಾಣಿ ಇಲ್ಲೇ ಬಿಟ್ಟು ಮನೆಗೆ ಹೋಗು."

ಹಿನ್ನೀರು ಬಲ್ಲವರ ಮಾತು ಅದು. ಸಮುದ್ರ ಮಟ್ಟದಿಂದ 1819 ಅಡಿಯ ಪೂರ್ತಿ ಮಟ್ಟಕ್ಕೆ ನೀರು ತುಂಬಿದ್ದಾಗ ಮುಳುಗಿದ ಕಾಡಿನ ಬೊಡ್ಡೆಗಳು ಆಳದಲ್ಲಿರುತ್ತವೆ. ಬೇಸಿಗೆಯಲ್ಲಿ ಕಪ್ಪಗೆ ಹೊರಗೆ ನಿಂತಿರುತ್ತವೆ, ಕಣ್ಣಿಗೆ ಬೀಳುತ್ತವೆ. ಅಪಾಯವಿರುವುದು ಈ ನಡುವಿನ ತಿಂಗಳಲ್ಲಿ. ಮಟ್ಟ ಇಳಿಯತೊಡಗಿ ಬೊಡ್ಡೆಯ ತಲೆ ನೀರಿಗೆ ಗೇಣು ಕೆಳಗೆ ಕೂತಿರುತ್ತದೆ. ಅರವತ್ತು ವರ್ಷ ನೀರಿನಲ್ಲಿದ್ದೂ ಕಬ್ಬಿಣದಂತಿರುವ ಮರಗಳಿವೆ. ಹಲಗೆಯನ್ನು ಮಿಸುಕದಂತೆ ಕಟ್ಟಿದರೆ ತಗುಲಿದ ಕೂಡಲೇ ಮುರಿಯುವುದು ಹಲಗೆಯ ಪಿನ್ನು, ಇಲ್ಲವೇ ದೋಣಿಯ ಬಾಲ. ಹಾಗೆಂದು ಸಡಿಲ ಬಿಟ್ಟರೆ ನೀರೇ ಎತ್ತಿಬಿಡುತ್ತದೆ. ನೀರಿನ ಒತ್ತಡಕ್ಕೆ ಜಗ್ಗಬಾರದು, ಬೊಡ್ಡೆಯ ಏಟಿಗೆ ಜಗ್ಗಬೇಕು.

"ರಬ್ಬರ್ ಇದ್ರೆ ಆಗ್ತದೆ" ಎಂದರು ಭಾವ.

ರಬ್ಬರ್! ಕಾರಿನ ಡಿಕ್ಕಿಯಲ್ಲಿ ನನ್ನ ಚೀಲ. ಚೀಲದಲ್ಲಿ ಸೊಲ್ಯೂಷನ್, ಪ್ಯಾಚು, ಸ್ಪಾನರ್, ಜೊತೆಗೆ ಒಂದು ಹಳೇ 26 ಇಂಚಿನ ಟ್ಯೂಬು. ಬೆರಳಗಲದ ಉದ್ದ ಪಟ್ಟಿ ಕತ್ತರಿಸಿ, ಇಳಿಸುವ ಹಗ್ಗದ ತುದಿಗೂ ಕಚ್ಚಿಗೂ ನಡುವೆ ಎರಡು ಮಡಿಕೆ ಮಾಡಿ ಕಟ್ಟಿದೆ. ಮೊದಲ ಸಲ ತೀರಾ ಮೆತ್ತಗಾಯಿತು, ಜೋರಾಗಿ ತುಳಿದರೆ ಬಾಲ ಇನ್ನೂ ನಾಲ್ಕು ಬೆರಳು ಏಳುತ್ತಿತ್ತು. ಮೂರು ಮಡಿಕೆ ಮಾಡಿದೆ. ಭಾವ ಹಿಂದಿನಿಂದ ನೋಡಿ ಕೈ ಎತ್ತಿದರು: ನಿಂತಿದೆ. ರಾತ್ರಿಯ ಅವಮಾನದಲ್ಲಿ ಅರ್ಧವಾದರೂ ಕಳೆಯಿತು ಅನ್ನಿಸಿತು.

ಸಂಜೆ ಇನ್ನೂ ಒಂದು ಕೊಸರು ಉಳಿದಿತ್ತು. ಹಿಡಿ ನಡುವೆ ಇಟ್ಟು ತುಳಿದರೆ ದೋಣಿ ಈಗಲೂ ಚೂರೇ ಚೂರು ಎಡಕ್ಕೆ ಹೋಗುತ್ತಿತ್ತು. ಅಳಿಯ ಮತ್ತೆ ಗಂಟು ಬಿಚ್ಚಲು ಹೊರಟ. ತಡೆದೆ. ವೇಗ ಹಿಡಿದ ಮೇಲೆ ಪೆಡಲ್ ನಿಲ್ಲಿಸು, ಸುಮ್ಮನೆ ತೇಲು ಎಂದೆ. ತೇಲಿದಾಗ ಗೆರೆ ಎಳೆದ ಹಾಗೆ ನೇರ. ತುಳಿದ ಕೂಡಲೇ ಎಡಕ್ಕೆ. ಅಂದರೆ ಇದು ಚುಕ್ಕಾಣಿಯದಲ್ಲ, ಪ್ರೊಪೆಲ್ಲರಿನದು. ಒಂದೇ ಪ್ರೊಪೆಲ್ಲರ್ ಒಂದೇ ಕಡೆಗೆ ಸುತ್ತುವಾಗ ನೀರನ್ನು ಹಿಂದಕ್ಕೆ ತಳ್ಳುವುದರ ಜೊತೆಗೆ ಸ್ವಲ್ಪ ಪಕ್ಕಕ್ಕೂ ತಳ್ಳುತ್ತದೆ, ಬಾಲ ಅತ್ತ ಸರಿದರೆ ಮೂತಿ ಇತ್ತ. ಅದು ರೋಗವಲ್ಲ, ಸ್ವಭಾವ. ಹಿಡಿಯನ್ನು ಒಂದು ಕೂದಲು ಬಲಕ್ಕೆ ಇಟ್ಟು ಅಲ್ಲಿ ಕೆಂಪು ಇನ್ಸುಲೇಷನ್ ಟೇಪಿನ ಗುರುತು ಹಾಕಿದೆ.

ಭಾನುವಾರ

ಬೆಳಿಗ್ಗೆ ಮೂಡುಗಾಳಿ ಎದ್ದಿತ್ತು. ಕೊಯ್ಲಿನ ಕಾಲದ ಗಾಳಿ ಇದು, ತೆಳ್ಳಗೆ, ಒಣ ಒಣಗಿ, ತುಟಿ ಒಡೆಯುವಂಥದ್ದು. ಕೊಲ್ಲಿಯ ಬಾಯಲ್ಲಿ ಸಣ್ಣ ತೆರೆ. ಅಳಿಯನ ಐಸ್ ಡಬ್ಬಿ ಮೊದಲ ದಿನದಿಂದ ಮೂತಿಯ ಮೇಲಿತ್ತು. ಅದನ್ನು ಸೀಟಿನ ಹಿಂದಕ್ಕೆ ಹಾಕಿಸಿದೆ. ಮುಂದೆ ಭಾರವಾದರೆ ಬಾಲ ಎತ್ತಿಕೊಂಡು ಚುಕ್ಕಾಣಿ ಅಷ್ಟರಮಟ್ಟಿಗೆ ನೀರಿನಿಂದ ಮೇಲೆ ಬರುತ್ತದೆ, ಇದನ್ನು ಸೈಕಲ್ ಕ್ಯಾರಿಯರ್ ಕಂಡವನು ಎರಡು ದಿನ ತಡವಾಗಿ ಯೋಚಿಸಿದ್ದು.

ಗಾಳಿಗೆ ಅಡ್ಡವಾಗಿ ಕೊಲ್ಲಿಯ ಆ ತುದಿಗೂ ಈ ತುದಿಗೂ ನಾಲ್ಕು ಸಲ ಹೋಗಿ ಬಂದ. ಒಮ್ಮೆ ಬೇಕೆಂದೇ ಚುಕ್ಕಾಣಿ ಎತ್ತಿ ನೋಡಿದ. ಕೂಡಲೇ ಮೂತಿ ಗಾಳಿ ಬರುವ ಕಡೆಗೆ ಹೊರಳಿತು. ಇಳಿಸಿದ, ಮತ್ತೆ ದಾರಿಗೆ ಬಂತು. ನಾಲ್ಕನೇ ಸಲ ವಾಪಸು ಬರುವಾಗ ಹಿಂದೆ ಠಪ್ಪೆಂದು ಸದ್ದಾಯಿತು. ನಾವು ದಡದಲ್ಲಿ ಎದ್ದು ನಿಂತೆವು. ದೋಣಿ ಒಂದು ಕ್ಷಣ ಅತ್ತಿತ್ತ ಆಡಿ ಮತ್ತೆ ನೆಟ್ಟಗಾಯಿತು. ಬಂದ ಮೇಲೆ ನೋಡಿದರೆ ಹಲಗೆಯ ಮುಂಚೂಣಿಯಲ್ಲಿ ಉಗುರಿನಷ್ಟು ತರಚು, ಅದರಲ್ಲಿ ಕಪ್ಪು ಮರದ ಪುಡಿ. ಟ್ಯೂಬಿನ ಪಟ್ಟಿ ಜಗ್ಗಿ ಬಿಟ್ಟುಕೊಟ್ಟು ಮತ್ತೆ ಎಳೆದುಕೊಂಡಿತ್ತು. ಪಿನ್ನು ಹಾಗೇ ಇತ್ತು.

"ಈಗ ನಾನು" ಎಂದರು ಭಾವ.

ಅಕ್ಕ ಬೇಡವೆಂದಳು. ಭಾವ ಪಂಚೆ ಮೇಲೆತ್ತಿ ಕಟ್ಟಿ, ಲೈಫ್ ಜಾಕೆಟ್ ಹಾಕಿಸಿಕೊಂಡು ಕೂತರು. ಕೈಯಲ್ಲಿ ಒಂದು ಹುಟ್ಟು ಬೇಕೇ ಬೇಕೆಂದು ಹಟ ಹಿಡಿದು ಅದನ್ನೂ ತೊಡೆ ಮೇಲೆ ಇಟ್ಟುಕೊಂಡರು. ಮೊದಲು ಪೆಡಲ್ ಹಿಂದಕ್ಕೆ ತುಳಿದು ದಡಕ್ಕೇ ಗುದ್ದಿದರು. ಆಮೇಲೆ ಸರಿಯಾಗಿ ಹೊರಟು ಇನ್ನೂರು ಗಜ ಹೋಗಿ ಒಂದು ಜಾಗದಲ್ಲಿ ನಿಂತರು. ಇಳಿಸುವ ಹಗ್ಗ ಬಿಚ್ಚಿ ಚುಕ್ಕಾಣಿ ಎತ್ತಿಕೊಂಡರು, ಹುಟ್ಟಿನ ತುದಿಯಿಂದ ನೀರಿನ ಕೆಳಗೆ ಏನನ್ನೋ ಕುಟ್ಟಿ ನೋಡಿದರು. ನಮ್ಮ ಕಡೆ ತಿರುಗಿ ಕೂಗಿದರು: "ಬಾವಿ ಕಟ್ಟೆ ಇದು. ಇನ್ನೂ ಗಟ್ಟಿ ಇದೆ!"

ಮಧ್ಯಾಹ್ನ ಊಟ ಮಾಡಿ ಹೊರಟೆವು. ಈ ಸಲ ಕಯಾಕ್ ಹೇರುವಾಗ ಹಿಡಿಯನ್ನು ನಡುವಿಗಿಟ್ಟು ಬಾಳೆಪಟ್ಟೆಯಿಂದ ಕಟ್ಟಿದೆ, ಕಾರಿನ ಬೆಲ್ಟು ಚುಕ್ಕಾಣಿಯ ದಾರದ ಮೇಲೆ ಹಾಯದಂತೆ ಒಂದು ಗೇಣು ಸರಿಸಿದೆ. ಸಾಗರಕ್ಕೆ ಬರುವಷ್ಟರಲ್ಲಿ ಅಳಿಯನ ಫೋನಿಗೆ ಜೀವ ಬಂದು ಮೂರು ದಿನದ ಮೆಸೇಜು ಒಟ್ಟಿಗೆ ಸುರಿದವು. ಮಾರಿದವರದೂ ಒಂದಿತ್ತು, ಶುಕ್ರವಾರ ಸಂಜೆಯೇ ಕಳಿಸಿದ್ದು.

"ಏನಂತೆ?" ಅಂದೆ.

ಅವನು ಸ್ವಲ್ಪ ಹೊತ್ತು ಓದಿದ. "ಸರ್, ರಡ್ಡರ್ ಇಳಿಸಿದ ಮೇಲೆ ಹಗ್ಗ ಲಾಕ್ ಮಾಡಿದ್ದೀರಾ, ಅಂತ ಕೇಳಿದಾರೆ ಮಾವ."

ಆನಂದಪುರದವರೆಗೂ ಇಬ್ಬರೂ ಮಾತಾಡಲಿಲ್ಲ.